ಜಲಪಾತದ ಕಾಡುದಾರಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಾಡಿನ ಕಾಲುದಾರಿ ಹಿಡಿದು ಜಲಪಾತ ನೋಡಲು ಹೊರಟವರಿಂದ ಈ ಸಲ ಸಾಕಷ್ಟು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಒಂದಾಗಿಸಿದ್ದೇವೆ. ಹಳ್ಳ ದಾಟುವುದು ಮತ್ತು ಮಡುವಿಗೆ ಇಳಿಯುವುದು, ಈ ಎರಡಕ್ಕೆ ಬೇಕೆಂದೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಹಾವು, ಕಾಡುಪ್ರಾಣಿ ಎಂದು ಹೆದರುವವರೇ ಹೆಚ್ಚು. ಆದರೆ ಇಂಥ ದಾರಿಯಲ್ಲಿ ಜೀವಕ್ಕೆ ಕುತ್ತು ತರುವುದು ಬಹುತೇಕ ನೀರು ಮತ್ತು ಒದ್ದೆ ಬಂಡೆ.

ಪ್ರ: ದಾರಿಯ ಮೊದಲಲ್ಲೇ ‘ಜಲಪಾತ 6 ಕಿ.ಮೀ.’ ಎಂಬ ಫಲಕವಿದೆ. ನಾವು ಗಂಟೆಗೆ 5 ಕಿ.ಮೀ. ನಡೆಯುತ್ತೇವೆ. ಹೋಗಿ ಬರಲು ಎರಡೂವರೆ ಗಂಟೆ ಸಾಕಲ್ಲವೇ?

ಉ: ಸಾಲದು. ಗಂಟೆಗೆ 5 ಕಿ.ಮೀ. ಎಂಬುದು ಸಮತಟ್ಟು ನೆಲದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನೇ ಚಾರಣಿಗರು ಇವತ್ತಿಗೂ ಬಳಸುತ್ತಾರೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದೂ ಗಟ್ಟಿಮುಟ್ಟಾದವರು ಒಳ್ಳೆಯ ದಾರಿಯಲ್ಲಿ ಎಲ್ಲೂ ಕೂರದೆ ನಡೆದರೆ. ಬೇರು, ಕೆಸರು, ಒದ್ದೆ ಎಲೆಗಳ ಕಾಡುದಾರಿಗೆ ಬಂದ ಮೊತ್ತವನ್ನು ಒಂದೂವರೆಯಿಂದ ಗುಣಿಸಿ.

ಬೆಟ್ಟ ಹತ್ತುವವರಿಗೆ ಏರು ಮೊದಲು, ಇಳಿಜಾರು ಆಮೇಲೆ. ಜಲಪಾತದ ಬುಡಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಇದು ತಲೆಕೆಳಗು. ಹೋಗುವಾಗ ಕಣಿವೆಗೆ ಇಳಿಯುವುದರಿಂದ ಎಲ್ಲ ಸಲೀಸು ಅನ್ನಿಸುತ್ತದೆ. ದಣಿದು, ನೆನೆದು ಹೊರಟಾಗ ಇಡೀ ಏರು ಎದುರಿಗೆ ನಿಂತಿರುತ್ತದೆ. ನಿಮ್ಮ ದಾರಿ 6 ಕಿ.ಮೀ. ಉದ್ದ, 450 ಮೀಟರ್ ಇಳಿಜಾರು ಎಂದಿಟ್ಟುಕೊಳ್ಳಿ. ಹೋಗಲು 72 ನಿಮಿಷ, ಒಂದೂವರೆ ಪಟ್ಟು ಮಾಡಿದರೆ 108. ಬರಲು 72ಕ್ಕೆ ಏರಿನ 45 ಸೇರಿ 117, ಒಂದೂವರೆ ಪಟ್ಟು ಮಾಡಿದರೆ ಹೆಚ್ಚುಕಮ್ಮಿ 3 ಗಂಟೆ. ಜಲಪಾತದ ಬಳಿ ಒಂದು ಗಂಟೆ ಕೂತರೂ ಒಟ್ಟು 5 ಗಂಟೆ 45 ನಿಮಿಷ.

ಇನ್ನು ಇದನ್ನು ಹಿಂದುಮುಂದಾಗಿ ಎಣಿಸಿ. ಸೂರ್ಯಾಸ್ತ 6:15ಕ್ಕೆ ಇದ್ದರೆ ದಟ್ಟ ಮರಗಳ ಕೆಳಗೆ ಅರ್ಧ ಗಂಟೆ ಮೊದಲೇ ಕತ್ತಲು. ಒಂದು ಗಂಟೆ ಕೈಯಲ್ಲಿಟ್ಟುಕೊಂಡು 5:15ಕ್ಕೆ ಕಾಡಿನಿಂದ ಹೊರಗಿರಬೇಕು. ಅಂದರೆ 2:15ಕ್ಕೆ ಜಲಪಾತ ಬಿಡಬೇಕು. ಇದು ಹಿಂತಿರುಗುವ ಗಡುವು. ಅಷ್ಟು ಹೊತ್ತಿಗೆ ಜಲಪಾತ ಕಣ್ಣಿಗೆ ಬೀಳದಿದ್ದರೂ, ಸದ್ದು ಕಿವಿಗೆ ಕೇಳುತ್ತಿದ್ದರೂ ತಿರುಗಬೇಕು. ‘ಇನ್ನೇನು ಹತ್ತೇ ನಿಮಿಷ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಕಣಿವೆಯಲ್ಲಿ ನೀರಿನ ಸದ್ದಿನಿಂದ ದೂರ ಅಳೆಯಲು ಆಗುವುದಿಲ್ಲ. ಅಂದಹಾಗೆ, ಫಲಕದ 6 ಕಿ.ಮೀ. ಒಂದು ಬದಿಯದೋ ಹೋಗಿಬರುವುದೋ ಎಂದು ಮೊದಲೇ ಕೇಳಿಕೊಳ್ಳಿ.

ಪ್ರ: ನಕ್ಷೆ ನೋಡಿ ಜಲಪಾತದ ಬುಡಕ್ಕೆ ಇಳಿಯಲು ಆಗುತ್ತದೋ ಇಲ್ಲವೋ ತಿಳಿಯಬಹುದೇ?

ಉ: ಒಂದು ಮಟ್ಟಿಗೆ ತಿಳಿಯಬಹುದು. ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುವ) ನಕ್ಷೆ ಬೇಕು. ರೇಖೆಗಳು ಹಳ್ಳವನ್ನು ದಾಟುವಾಗ ಮೊನಚಾಗಿ ಬಾಗುತ್ತವೆ. ಆ ಮೊನೆ ನೀರು ಬರುವ ದಿಕ್ಕಿಗೆ, ಅಂದರೆ ಏರಿನ ಕಡೆಗೆ ತೋರಿಸುತ್ತದೆ. ಮೂರು ನಾಲ್ಕು ರೇಖೆಗಳು ಹಳ್ಳದ ಮೇಲೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲೇ ಬೀಳು, ಅಂದರೆ ನೀರು ಧುಮುಕುವ ಜಾಗ. ರೇಖೆಯಿಂದ ರೇಖೆಗೆ ಎತ್ತರದ ಅಂತರ 20 ಮೀಟರ್ ಆಗಿದ್ದು ನಾಲ್ಕು ರೇಖೆ ಕೂಡಿದ್ದರೆ ಕನಿಷ್ಠ 60 ಮೀಟರ್ ಇಳಿತ. ಆಮೇಲೆ ಹಳ್ಳದ ಎರಡೂ ದಡ ನೋಡಿ. ಯಾವ ಬದಿಯಲ್ಲಿ ರೇಖೆಗಳು ಬಿಡಿಬಿಡಿಯಾಗಿವೆಯೋ ದಾರಿ ಇರುವುದು ಆ ಬದಿಗೆ. ಎರಡೂ ಕಡೆ ಒತ್ತೊತ್ತಾಗಿದ್ದರೆ ಅದು ಕಮರಿ. ಅಂಥಲ್ಲಿ ಎದುರು ದಡದ ದಿಬ್ಬದಿಂದ ನೋಡುವುದೇ ಲೇಸು, ಪೂರ್ತಿ ಜಲಪಾತ ಒಂದೇ ನೋಟಕ್ಕೆ ಸಿಗುವುದೂ ಅಲ್ಲಿಂದಲೇ. 20 ಮೀಟರಿಗಿಂತ ಚಿಕ್ಕ ಬೀಳು ಎರಡು ರೇಖೆಗಳ ನಡುವೆ ಅಡಗಿಹೋಗಬಹುದು ಎನ್ನುವುದು ನೆನಪಿರಲಿ.

ಪ್ರ: ಆಳ ಹಲ್ಲುಗಳಿರುವ ದುಬಾರಿ ಚಾರಣದ ಶೂ ಹಾಕಿಕೊಂಡರೂ ಜಲಪಾತದ ಬಂಡೆ ಮೇಲೆ ಜಾರುತ್ತದೆ. ಏಕೆ?

ಉ: ಹಲ್ಲುಗಳು ಕೆಲಸ ಮಾಡುವುದು ಮಣ್ಣಿನಲ್ಲಿ, ಅವು ನೆಲಕ್ಕೆ ಇಳಿದು ಕಚ್ಚಬೇಕು. ಬಂಡೆಗೆ ಇಳಿಯುವುದಿಲ್ಲ. ಅಲ್ಲಿ ಹಿಡಿತ ಕೊಡುವುದು ರಬ್ಬರಿನ ಮೆದುತನ ಮತ್ತು ಬಂಡೆಗೆ ತಾಗುವ ಅಗಲ. ಹೆಚ್ಚು ಬಾಳಿಕೆ ಬರಲೆಂದು ಗಟ್ಟಿ ರಬ್ಬರ್ ಹಾಕಿದ ಅಟ್ಟೆ ಒದ್ದೆ ಕಲ್ಲಿನ ಮೇಲೆ ಮೆದು ರಬ್ಬರಿನ ಅಟ್ಟೆಗಿಂತ ಬೇಗ ಜಾರುತ್ತದೆ. ಇನ್ನು ಪಾಚಿಯ ಲೋಳೆ ಇದ್ದರೆ ಯಾವ ಶೂ ಆದರೂ ಅಷ್ಟೇ, ಏಕೆಂದರೆ ರಬ್ಬರ್ ಬಂಡೆಗೆ ತಾಗುವುದೇ ಇಲ್ಲ, ನಡುವೆ ಲೋಳೆ ಇರುತ್ತದೆ.

ಹಾಗಾಗಿ ಶೂಗಿಂತ ಕಣ್ಣಿಗೆ ಹೆಚ್ಚು ಕೆಲಸ. ಒದ್ದೆ ಬಂಡೆಯಲ್ಲಿ ಬಣ್ಣ ನೋಡಿ: ಮಂಕಾಗಿ, ಒರಟಾಗಿ ಕಾಣುವ ಕಲ್ಲು ಪರವಾಗಿಲ್ಲ, ಕಪ್ಪಗೆ ಅಥವಾ ಹಸಿರಾಗಿ ಮಿರುಗುವ ಜಾಗ ಬೇಡ. ತೊಗಟೆ ಕಳಚಿದ ಒದ್ದೆ ಬೇರು, ಅಡ್ಡಬಿದ್ದ ಮರದ ಕಾಂಡ ಬಂಡೆಗಿಂತಲೂ ಕೆಟ್ಟವು. ಅವನ್ನು ಮೆಟ್ಟಬೇಡಿ, ದಾಟಿ. ಹೆಜ್ಜೆ ಚಿಕ್ಕದಿರಲಿ, ಪಾದವನ್ನು ಹಿಮ್ಮಡಿಯಿಂದಲ್ಲದೆ ಪೂರ್ತಿ ಚಪ್ಪಟೆಯಾಗಿ ಇಡಿ, ಭಾರವನ್ನು ಒಮ್ಮೆಲೇ ಹಾಕದೆ ನಿಧಾನಕ್ಕೆ ಬಿಡಿ. ಜಾರುವುದಿದ್ದರೆ ಆಗಲೇ ಗೊತ್ತಾಗುತ್ತದೆ. ಇಳಿಜಾರಿಗೆ ಮುನ್ನ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಮರುಕಟ್ಟಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ.

ಪ್ರ: ದಾರಿಯಲ್ಲಿ ಹಳ್ಳ ಅಡ್ಡ ಬರುತ್ತದೆ, ಸೇತುವೆ ಇಲ್ಲ. ಯಾವಾಗ ದಾಟಬಹುದು, ಹೇಗೆ ದಾಟಬೇಕು? ಹಗ್ಗ ಕಟ್ಟಿಕೊಂಡರೆ ಸುರಕ್ಷಿತವೇ?

ಉ: ಹಗ್ಗದ ಮಾತು ಮೊದಲು: ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟಬೇಡಿ. ಬಿದ್ದರೆ ಹಗ್ಗ ಬಿಗಿಯಾಗಿ ನಿಲ್ಲುತ್ತದೆ, ಸೆಳವು ಮೈಯನ್ನು ಕೆಳಕ್ಕೆ ಒತ್ತುತ್ತದೆ, ದಡದಲ್ಲಿರುವವರು ಎಳೆದಷ್ಟೂ ಒತ್ತಡ ಹೆಚ್ಚುತ್ತದೆ. ನದಿ ರಕ್ಷಣೆಯ ತರಬೇತಿ ಪಡೆದವರು ಬಳಸುವ, ತಟ್ಟನೆ ಕಳಚುವ ಪಟ್ಟಿ ಬೇರೆಯೇ.

ದಾಟುವ ಮೊದಲು ದಡದಲ್ಲಿ ನಿಂತು ನಾಲ್ಕು ಸಂಗತಿ ನೋಡಿ. ಒಂದು, ಆಳ. ಹರಿವು ಜೋರಿರುವ ಕಡೆ ಮೊಣಕಾಲು ಮೀರಿದರೆ ಬೇಡ. ಎರಡು, ವೇಗ. ಒಂದು ಕಡ್ಡಿ ಎಸೆದು ಅದರ ಜೊತೆಗೆ ದಡದಲ್ಲಿ ನಡೆಯಿರಿ. ಕಡ್ಡಿ ನಿಮ್ಮ ನಡಿಗೆಯನ್ನು ಮೀರಿಸಿದರೆ ಬೇಡ. ನೀರಿನ ವೇಗ ಎರಡರಷ್ಟಾದರೆ ಕಾಲಿನ ಮೇಲಿನ ತಳ್ಳು ನಾಲ್ಕರಷ್ಟಾಗುತ್ತದೆ, ಅದರಿಂದಲೇ ನಿನ್ನೆ ಸುಲಭವಾಗಿ ದಾಟಿದ ಹಳ್ಳ ಇವತ್ತು ತುಸು ಏರಿದ್ದರೂ ಕಾಲು ಕೀಳುತ್ತದೆ. ಮೂರು, ಬಣ್ಣ ಮತ್ತು ಸದ್ದು. ತಳ ಕಾಣದ ಕೆಂಪು ನೀರು, ತೇಲಿ ಬರುವ ರೆಂಬೆ, ನೀರೊಳಗಿಂದ ಕಲ್ಲು ಉರುಳುವ ಗುಡುಗುಡು ಸದ್ದು, ಇವುಗಳಲ್ಲಿ ಒಂದಿದ್ದರೂ ಬೇಡ. ನಾಲ್ಕನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಕಾಲು ತಪ್ಪಿದರೆ ನೀರು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ? ಕೆಳಗೆ ಅಗಲವಾದ ಮರಳು ದಂಡೆ ಇದ್ದರೆ ಬಿದ್ದವರು ನೆನೆದು ಎದ್ದುಬರುತ್ತಾರೆ. ಅಡ್ಡಬಿದ್ದ ಮರವಿದ್ದರೆ ಅದರ ರೆಂಬೆಗಳ ನಡುವೆ ನೀರು ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಜಲಪಾತದ ನೆತ್ತಿ ಇದ್ದರೆ ಮಾತೇ ಇಲ್ಲ. ನೆತ್ತಿಯ ಹತ್ತಿರ ನೀರು ಪಾದ ಮುಳುಗುವಷ್ಟೇ ಇದ್ದರೂ ದಾಟುವ ಜಾಗವಲ್ಲ ಅದು, ಏಕೆಂದರೆ ಅಲ್ಲಿನ ಬಂಡೆ ಸವೆದು ನುಣುಪಾಗಿರುತ್ತದೆ ಮತ್ತು ನೀರು ಅಂಚಿನತ್ತ ಬಂದಂತೆ ವೇಗ ಪಡೆಯುತ್ತದೆ.

ಜಾಗ ಆರಿಸುವಾಗ ಕಿರಿದಾಗಿ ಶಾಂತವಾಗಿ ಕಾಣುವ ಕಡೆಗೆ ಮನಸ್ಸು ವಾಲುತ್ತದೆ. ಅಲ್ಲೇ ಆಳ. ಅಗಲವಾಗಿ ಹರಡಿ, ಮೇಲ್ಮೈ ಕಿರುಅಲೆಗಳಾಗಿ ಒಡೆಯುವ ಕಡೆ ನೀರು ತೆಳುವಾಗಿರುತ್ತದೆ. ತಿರುವಿನ ಹೊರಬದಿ ಕೊರೆದು ಆಳವಾಗಿರುವುದರಿಂದ ನೇರ ಹರಿವಿನ ಜಾಗ ಹುಡುಕಿ. ಬೆಣಚುಕಲ್ಲಿನ ತಳ ದೊಡ್ಡ ಗುಂಡುಗಳ ತಳಕ್ಕಿಂತ ವಾಸಿ. ಗುಂಡುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ.

ಶೂ ಬಿಚ್ಚಬೇಡಿ. ಕಾಲುಚೀಲ ಒಣಗಿರಲಿ ಎನ್ನುವುದಾದರೆ ಅದನ್ನಷ್ಟೇ ತೆಗೆದು ಬರಿಗಾಲಿಗೆ ಶೂ ಹಾಕಿ. ಬೆನ್ನುಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿಡಿ, ಚೀಲ ಎಲ್ಲಾದರೂ ಸಿಕ್ಕಿಕೊಂಡರೆ ಕಳಚಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಎದೆಮಟ್ಟದ ಗಟ್ಟಿ ಕೋಲನ್ನು ಮುಂದೆ ಊರಿ, ಅಡ್ಡಡ್ಡವಾಗಿ ಹೆಜ್ಜೆ ಸರಿಸಿ. ಕೋಲು ಮತ್ತು ಎರಡು ಕಾಲು, ಈ ಮೂರರಲ್ಲಿ ಒಂದನ್ನು ಮಾತ್ರ ಎತ್ತಬೇಕು, ಉಳಿದೆರಡು ನೆಲದಲ್ಲಿರಬೇಕು. ಕಾಲನ್ನು ಕಾಲಿಗೆ ಅಡ್ಡ ಹಾಕಬೇಡಿ. ಸೆಳವಿಗೆ ತುಸು ಒಪ್ಪಿಸಿಕೊಂಡು ಓರೆಯಾಗಿ ಕೆಳದಿಕ್ಕಿನ ದಡಕ್ಕೆ ಸಾಗುವುದು ಸುಲಭ.

ಮೂರು ನಾಲ್ಕು ಜನ ಇದ್ದರೆ ತೋಳಿಗೆ ತೋಳು ಹೆಣೆದು ಹರಿವಿನ ಉದ್ದಕ್ಕೇ ಸಾಲಾಗಿ ನಿಂತು, ಎದುರು ದಡಕ್ಕೆ ಮುಖ ಮಾಡಿ ಒಟ್ಟಿಗೆ ನಡೆಯಿರಿ. ಎಲ್ಲರಿಗಿಂತ ಗಟ್ಟಿ ಆಳು ನೀರು ಬರುವ ತುದಿಯಲ್ಲಿರಲಿ. ಸೆಳವನ್ನು ಆತ ಒಡೆಯುತ್ತಾನೆ, ಉಳಿದವರು ಆತನನ್ನು ನಿಲ್ಲಿಸುತ್ತಾರೆ. ಹಳ್ಳಕ್ಕೆ ಅಡ್ಡಲಾಗಿ ಕೈಹಿಡಿದು ಸರಪಳಿ ಮಾಡುವುದು ಇದಕ್ಕೆ ವಿರುದ್ಧವಾದ ತಪ್ಪು ಪದ್ಧತಿ. ನಡುವೆ ಇರುವವರು ಪೂರ್ತಿ ಸೆಳವಿಗೆ ಒಂಟಿಯಾಗಿ ಸಿಗುತ್ತಾರೆ.

ಬಿದ್ದರೆ? ಎದ್ದು ನಿಲ್ಲಲು ಹೋಗಬೇಡಿ. ಓಡುವ ನೀರಿನಲ್ಲಿ ನಿಂತವರ ಪಾದ ಕಲ್ಲಿನಡಿ ಸಿಕ್ಕಿ, ಮೈ ಮುಂದಕ್ಕೆ ಮಗುಚಿ, ಸೊಂಟದ ಆಳದಲ್ಲೇ ಮುಳುಗುತ್ತಾರೆ. ಬೆನ್ನ ಮೇಲೆ ತೇಲಿ, ಪಾದಗಳನ್ನು ನೀರು ಹೋಗುವ ದಿಕ್ಕಿಗೆ ಮೇಲ್ಮೈಯಲ್ಲೇ ಇಟ್ಟು, ಕೈಗಳಿಂದ ಓರೆಯಾಗಿ ದಡದತ್ತ ಹುಟ್ಟುಹಾಕಿ. ತಳಕ್ಕೆ ಪೃಷ್ಠ ತಾಗುವಷ್ಟು ನೀರು ತೆಳುವಾದಾಗ ಮಾತ್ರ ಏಳಿ. ಎದುರಿಗೆ ಅಡ್ಡಮರ ಬಂದರೆ ಮಾತ್ರ ಇದಕ್ಕೆ ಅಪವಾದ: ಮಗುಚಿಕೊಂಡು ತಲೆ ಮುಂದಾಗಿ ಅದರತ್ತ ಜೋರಾಗಿ ಈಜಿ, ತಲುಪುತ್ತಲೇ ಅದರ ಮೇಲೆ ಹತ್ತಿ.

ಹೋಗುವಾಗ ದಾಟಿದ ಹಳ್ಳವನ್ನು ಬರುವಾಗಲೂ ದಾಟಬೇಕಲ್ಲ. ನೀರಿನ ಅಂಚಿನಲ್ಲಿ ಒಂದು ಗುರುತು ಕಲ್ಲು ಇಟ್ಟು ಹೋಗಿ. ಬಂದಾಗ ಅದು ಮುಳುಗಿದ್ದರೆ ಮೇಲೆಲ್ಲೋ ಮಳೆಯಾಗಿದೆ. ಚಿಕ್ಕ ಹಳ್ಳಗಳು ಬೇಗ ಏರಿ ಬೇಗ ಇಳಿಯುತ್ತವೆ, ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಹದಕ್ಕೆ ಬರುತ್ತವೆ. ಕಾಯುವುದಕ್ಕೆ ಬೇಕಾದದ್ದು ಒಂದು ಒಣ ಅಂಗಿ, ಒಂದಿಷ್ಟು ತಿನಿಸು, ಟಾರ್ಚು.

ಪ್ರ: ಜಲಪಾತದ ಮಡುವಿನಲ್ಲಿ ಈಜಬಹುದೇ? ನಾವೆಲ್ಲ ಚೆನ್ನಾಗಿ ಈಜು ಬಲ್ಲವರು. ಬಂಡೆಯಿಂದ ಧುಮುಕುವವರೂ ನಮ್ಮಲ್ಲಿದ್ದಾರೆ.

ಉ: ಧುಮುಕುವುದು ಬೇಡ. 10 ಮೀಟರ್ ಎತ್ತರದಿಂದ ಬಿದ್ದವರು ನೀರಿಗೆ ತಾಗುವಾಗ ವೇಗ ಗಂಟೆಗೆ 50 ಕಿ.ಮೀ. ಕಳೆದ ವರ್ಷ ಇದೇ ಜಾಗದಲ್ಲಿ ಧುಮುಕಿದ್ದೆವು ಎನ್ನುವುದು ಆಧಾರವೇ ಅಲ್ಲ, ಪ್ರತಿ ನೆರೆಗೂ ಮಡುವಿನೊಳಗೆ ಬಂಡೆ, ದಿಮ್ಮಿಗಳು ಜಾಗ ಬದಲಿಸುತ್ತವೆ ಮತ್ತು ನೊರೆ ಅವನ್ನು ಮುಚ್ಚಿಡುತ್ತದೆ.

ಈಜಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕೊಳದಲ್ಲಿ ಚೆನ್ನಾಗಿ ಈಜುವವರಿಗೆ ಮಡು ಏಕೆ ಬೇರೆ ಎಂದರೆ, ಅಲ್ಲಿ ನೀರೇ ಬೇರೆ. ಬೀಳುವ ನೀರು ತನ್ನ ಜೊತೆ ಗಾಳಿಯನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಬಿಳಿಯಾಗಿ ಕುದಿಯುವಂತೆ ಕಾಣುವ ಭಾಗದಲ್ಲಿ ಒಂದು ಪಾಲು ಗಾಳಿಯೇ. ಅದರ ಸಾಂದ್ರತೆ ಕಡಿಮೆ, ಮೈ ಅದರಲ್ಲಿ ತೇಲುವುದಿಲ್ಲ, ಬೀಸಿದ ಕೈಗೆ ಹಿಡಿತ ಸಿಗುವುದಿಲ್ಲ. ಇನ್ನೊಂದು, ಸುತ್ತುಸೆಳವು. ಬಿದ್ದ ನೀರು ತಳಕ್ಕೆ ಹೋಗಿ ಹೊರಗೆ ಹರಿಯುತ್ತದೆ, ಮೇಲ್ಮೈಯ ನೀರು ಅದರ ಜಾಗ ತುಂಬಲು ಬೀಳಿನತ್ತ ಹಿಂದಕ್ಕೆ ಹರಿಯುತ್ತದೆ. ಒಂದು ಒಣ ಎಲೆಯನ್ನು ಮಡುವಿಗೆ ಬಿಟ್ಟು ನೋಡಿ. ಅದು ಜಲಪಾತದ ಕಡೆಗೇ ತೇಲಿ ಹೋದರೆ ನೀವೂ ಹೋಗುತ್ತೀರಿ. ಸಿಕ್ಕಿಕೊಂಡವರು ಮೇಲ್ಮೈಯಲ್ಲೇ ನೇರ ಹೊರಕ್ಕೆ ಈಜಲು ನೋಡಿ ಸೋಲುತ್ತಾರೆ. ಪಕ್ಕಕ್ಕೆ ಈಜಿ ಸುತ್ತಿನಿಂದ ಜಾರಿಕೊಳ್ಳುವುದು ಮೊದಲ ಉಪಾಯ. ಅದೂ ಆಗದಿದ್ದರೆ ಉಸಿರು ಹಿಡಿದು ಕೆಳಕ್ಕೆ ಇಳಿಯುವುದು, ಹೊರಗೆ ಹರಿಯುವ ನೀರು ಇರುವುದು ತಳದಲ್ಲಿ.

ಮೂರನೆಯದು ತಣ್ಣೀರು. ಬಿಸಿಲಲ್ಲಿ ನಡೆದು ಬೆವರಿ ಬಂದವರು 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಒಮ್ಮೆಲೇ ಬಿದ್ದರೆ ತಡೆಯಲಾಗದ ಏದುಸಿರು ಬರುತ್ತದೆ. ತಲೆ ನೀರೊಳಗಿದ್ದಾಗ ಆ ಉಸಿರು ಬಂದರೆ ಶ್ವಾಸಕೋಶಕ್ಕೆ ಹೋಗುವುದು ನೀರು. ಮೊದಲ ಒಂದೆರಡು ನಿಮಿಷ ದಾಟಿದರೆ ಉಸಿರು ಹದಕ್ಕೆ ಬರುತ್ತದೆ, ಆದರೆ ನೀರು ತೀರಾ ತಣ್ಣಗಿದ್ದರೆ ಹತ್ತು ನಿಮಿಷದ ಹೊತ್ತಿಗೆ ಕೈಕಾಲಿನ ಬಲ ಇಳಿಯತೊಡಗುತ್ತದೆ. ಕಾಲು, ಕೈ, ಎದೆ, ಮುಖ ಹೀಗೆ ನಿಧಾನವಾಗಿ ನೆನೆಸಿಕೊಂಡು ಇಳಿಯಿರಿ.

ಈಜು ಬಾರದವರನ್ನು ಮೋಸ ಮಾಡುವುದು ತಿಳಿನೀರು. ಬೆಳಕಿನ ವಕ್ರೀಭವನದಿಂದ ಮೇಲಿನಿಂದ ನೋಡಿದಾಗ ಆಳ ನಿಜಕ್ಕಿಂತ ಕಾಲು ಭಾಗ ಕಡಿಮೆ ಕಾಣುತ್ತದೆ. ಎದೆಮಟ್ಟ, ಒಂದೂವರೆ ಮೀಟರ್ ಇರಬಹುದು ಎಂದು ಕಾಲಿಟ್ಟ ಕಡೆ 2 ಮೀಟರ್ ಇರುತ್ತದೆ.

ಹಾಗಾದರೆ ಎಲ್ಲಿ ಇಳಿಯಬಹುದು? ಬೀಳಿನಿಂದ ದೂರದ, ಮಡು ತೆಳುವಾಗಿ ಹರಿದು ಹೋಗುವ ಕಡೆ. ತಳ ಕಾಣಬೇಕು, ನೀರು ಸೊಂಟ ಮೀರಬಾರದು, ಹತ್ತಿ ಬರಲು ಎರಡು ಜಾಗ ಇರಬೇಕು. ಮತ್ತೆ ಅದೇ ಪ್ರಶ್ನೆ: ಕೆಳಗೆ ಏನಿದೆ? ಹಂತಹಂತವಾಗಿ ಬೀಳುವ ಜಲಪಾತದಲ್ಲಿ ಮೊದಲ ಮಡುವಿನ ಬಾಯಿಯೇ ಎರಡನೇ ಬೀಳಿನ ನೆತ್ತಿ. ಯಾರಾದರೂ ಮುಳುಗುತ್ತಿದ್ದರೆ ಅವರ ಹಿಂದೆ ಹಾರಬೇಡಿ. ದಡದಲ್ಲಿ ಮಲಗಿ ಕೋಲು ಚಾಚಿ. ಎಟಕದಿದ್ದರೆ ಹಗ್ಗ ಎಸೆಯಿರಿ, ಅದೂ ಇಲ್ಲದಿದ್ದರೆ ಮುಚ್ಚಳ ಬಿಗಿದ ದೊಡ್ಡ ಖಾಲಿ ಬಾಟಲಿ, ಗಾಳಿ ತುಂಬಿ ಕಟ್ಟಿದ ಚೀಲ, ತೇಲುವುದು ಏನಿದ್ದರೂ ಎಸೆಯಿರಿ.

ಪ್ರ: ನೀರಿನ ಪರದೆಯ ಹಿಂದೆ ಗುಹೆಯಂಥ ಜಾಗವಿದೆ. ಒಳಗೆ ಹೋಗಬಹುದೇ?

ಉ: ಆ ಗುಹೆ ಹೇಗೆ ಆಯಿತು ಎಂದು ತಿಳಿದರೆ ಉತ್ತರ ಸಿಗುತ್ತದೆ. ಅನೇಕ ಜಲಪಾತಗಳಲ್ಲಿ ಮೇಲೆ ಗಟ್ಟಿ ಬಂಡೆಯ ಪದರ, ಕೆಳಗೆ ಮೆದು ಬಂಡೆ. ಸಿಂಪರಣೆ ಮತ್ತು ಸುಳಿ ಕೆಳಗಿನದನ್ನು ತಿನ್ನುತ್ತವೆ, ಮೇಲಿನದು ಚಾವಣಿಯಂತೆ ಚಾಚಿ ನಿಲ್ಲುತ್ತದೆ, ಒಂದು ದಿನ ತನ್ನ ಭಾರಕ್ಕೇ ಕಳಚಿ ಬೀಳುತ್ತದೆ. ನಯಾಗರಾ ಹೀಗೆ ಹಿಂದಕ್ಕೆ ಸರಿಯುತ್ತಲೇ ಸುಮಾರು 12,000 ವರ್ಷಗಳಲ್ಲಿ 11 ಕಿ.ಮೀ. ಉದ್ದದ ಕಮರಿ ಕೊರೆದಿದೆ. ನಯಾಗರಾದ ಒಂದು ಭಾಗವಾದ ಅಮೆರಿಕನ್ ಜಲಪಾತದ ಬುಡದಲ್ಲಿ ರಾಶಿಬಿದ್ದ ಬಂಡೆಗಳನ್ನು ಅಭ್ಯಾಸ ಮಾಡಲು 1969ರಲ್ಲಿ ಸೇನೆಯ ಎಂಜಿನಿಯರುಗಳು ಆ ಭಾಗದ ನೀರನ್ನೇ ತಿರುಗಿಸಿ ಒಣಗಿಸಿದ್ದರು.

ಕಟ್ಟಿದ ದಾರಿ, ಕಂಬಿ ಇದ್ದರೆ ಹೋಗಿ. ಇಲ್ಲದಿದ್ದರೆ ಚಾವಣಿಯ ಕೆಳಗೆ ನೆಲ ನೋಡಿ: ಪಾಚಿಯಿಲ್ಲದ, ಮೊನಚು ಅಂಚಿನ ಕಲ್ಲುಗಳು ಬಿದ್ದಿದ್ದರೆ ಅವು ಇತ್ತೀಚೆಗೆ ಕಳಚಿದವು. ಬೀಳುವ ನೀರಿಗೆ ತಲೆಯೊಡ್ಡಿ ನಿಲ್ಲುವುದೂ ಇದೇ ಕಾರಣಕ್ಕೆ ಸಲ್ಲದು, ನೀರಿನ ಜೊತೆ ಕಲ್ಲೂ ಬರುತ್ತದೆ; 20 ಮೀಟರ್ ಮೇಲಿಂದ ಬಂದ ಕಲ್ಲಿಗೆ ಗಂಟೆಗೆ 70 ಕಿ.ಮೀ. ವೇಗ. ಚಾಚುಬಂಡೆಯ ಅಡಿ ಹೆಜ್ಜೇನು ಕಟ್ಟಿದ್ದರೆ ಸದ್ದಿಲ್ಲದೆ ಹಿಂದಿರುಗಿ. ಎದ್ದರೆ ನಿಲ್ಲದೆ ಓಡಬೇಕು, ನೀರಿಗೆ ಹಾರಬಾರದು. ಅವು ಮೇಲೆ ಕಾಯುತ್ತವೆ.

ಪ್ರ: ದಾರಿ ತಪ್ಪಿದರೆ ನೀರು ಹರಿಯುವ ದಿಕ್ಕಿಗೆ ನಡೆದರೆ ಊರು ಸಿಗುತ್ತದೆ ಎನ್ನುತ್ತಾರೆ. ನಿಜವೇ?

ಉ: ಬಯಲುಸೀಮೆಯಲ್ಲಿ ನಿಜ ಇರಬಹುದು. ಜಲಪಾತ ಇರುವ ಕಾಡಿನಲ್ಲಿ ಇದು ಅಪಾಯದ ಸಲಹೆ. ಹಳ್ಳ ಕೆಳಗಿಳಿಯಲು ಮೆಟ್ಟಿಲು ಹುಡುಕುವುದಿಲ್ಲ, ಬೀಳುತ್ತದೆ. ಅದರ ಹಿಂದೆ ಹೋದವರು ಮೂರು ಮೀಟರಿನ ಒಂದು ಬಂಡೆಯನ್ನು ಹೇಗೋ ಜಾರಿ ಇಳಿಯುತ್ತಾರೆ, ಮುಂದೆ ಮೂವತ್ತು ಮೀಟರಿನ ಬೀಳು ಎದುರಾಗುತ್ತದೆ, ಹಿಂದಿನದನ್ನು ಹತ್ತಲು ಆಗುವುದಿಲ್ಲ. ಮೇಲಾಗಿ ನೀರಿನ ಸದ್ದಿನಲ್ಲಿ ಅವರ ಕೂಗು ಯಾರಿಗೂ ಕೇಳುವುದಿಲ್ಲ.

ತಪ್ಪಿದೆ ಎನ್ನಿಸಿದ ಕೂಡಲೇ ನಿಲ್ಲಿ, ಕೂರಿ, ನೀರು ಕುಡಿಯಿರಿ. ಖಚಿತವಾಗಿ ದಾರಿಯಲ್ಲಿದ್ದ ಕೊನೆಯ ಜಾಗ ಯಾವುದು? ಬಂದ ಹೆಜ್ಜೆಯಲ್ಲೇ ಅಲ್ಲಿಗೆ ಮರಳಿ. ಅಡ್ಡದಾರಿ ಬೇಡ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ; ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಹೊರಡುವಾಗಲೇ ಜಾಡು ದಾಖಲಿಸಲು ಹಚ್ಚಿ ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ. ಸಿಗ್ನಲ್ ಹುಡುಕುತ್ತ ಕೂತ ಫೋನು ಬಹಳ ಬೇಗ ಬರಿದಾಗುತ್ತದೆ. ದಾರಿ ಸಿಗದೆ ಕತ್ತಲಾಗುವಂತಿದ್ದರೆ ಹಳ್ಳದಿಂದ ಮೇಲೆ, ಸದ್ದಿನಿಂದ ದೂರ ಒಂದೇ ಕಡೆ ಕೂರಿ.

ನೆರವಿಗೆ ಕರೆಯುವ ಅಂತರರಾಷ್ಟ್ರೀಯ ಪರ್ವತ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ವಿಷಲ್ ಅಥವಾ ಟಾರ್ಚಿನ ಮಿಂಚು, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಉತ್ತರ ಬಂತೆಂದು ನಿಲ್ಲಿಸಬೇಡಿ, ಅವರು ನಿಮ್ಮ ಸದ್ದಿನ ದಿಕ್ಕಿಗೇ ಬರಬೇಕು.

ಪ್ರ: ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪು ಹಾಕುವುದೋ, ಬೆಂಕಿ ಕಡ್ಡಿ ಮುಟ್ಟಿಸುವುದೋ?

ಉ: ಎರಡೂ ಬೇಡ. ಗಾಬರಿಗೊಂಡ ಉಂಬಳ ಬಿಡುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ಅದಕ್ಕೆ ಎರಡು ತುದಿಯಲ್ಲೂ ಅಂಟಿಕೊಳ್ಳುವ ಬಟ್ಟಲುಗಳಿವೆ. ಕಚ್ಚಿರುವುದು ತೆಳು ತುದಿ. ಉಗುರನ್ನು ಚರ್ಮಕ್ಕೆ ಒತ್ತಿ ಆ ತೆಳು ತುದಿಯ ಅಡಿಗೆ ಪಕ್ಕದಿಂದ ತೂರಿಸಿ ಬಿಡಿಸಿ, ತಡಮಾಡದೆ ದಪ್ಪ ತುದಿಯನ್ನೂ ಬಿಡಿಸಿ ಚಿಮ್ಮಿ. ತಡವಾದರೆ ಬೆರಳಿಗೇ ಹತ್ತುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್‌ನಂಥ ವಸ್ತುಗಳು ಗಾಯದಲ್ಲಿ ಉಳಿಯುವುದರಿಂದ ಗಂಟೆಗಟ್ಟಲೆ ಒಸರಬಹುದು, ಹೆದರಬೇಕಿಲ್ಲ. ತೊಳೆದು, ಬಟ್ಟೆ ಒತ್ತಿ ಕಟ್ಟಿ. ಕೆರೆದರೆ ಹುಣ್ಣಾಗುತ್ತದೆ. ತಡೆಯಲು ಒತ್ತು ನೇಯ್ಗೆಯ ಮೊಣಕಾಲುದ್ದದ ಚೀಲವನ್ನು ಪ್ಯಾಂಟಿನ ಮೇಲೆ ಕಟ್ಟುವುದೇ ಸರಿ, ಸಡಿಲ ಹೆಣಿಗೆಯ ಕಾಲುಚೀಲದೊಳಗಿಂದ ಅದು ತೂರಿ ಬರುತ್ತದೆ. ನಿಂತಲ್ಲೇ ನಿಲ್ಲಬೇಡಿ.

ಉಣ್ಣೆ ಹುಳುವಿನ (ಉಣುಗಿನ) ವಿಷಯ ಬೇರೆ, ಅದು ರೋಗ ಹರಡಬಲ್ಲದು. ತೆಳು ಮೂತಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ, ತಿರುಚಬೇಡಿ, ಹಿಸುಕಬೇಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಅಥವಾ ದದ್ದು ಬಂದರೆ ವೈದ್ಯರಿಗೆ ಉಣ್ಣೆ ಹುಳು ಕಚ್ಚಿದ್ದನ್ನು ತಪ್ಪದೆ ಹೇಳಿ.

ಪ್ರ: ಜಲಪಾತದ ನೀರು ಸ್ಫಟಿಕದಂತಿದೆ. ಹಾಗೆಯೇ ಕುಡಿಯಬಹುದಲ್ಲ?

ಉ: ತಿಳಿಯಾಗಿದೆ ಎಂದ ಮಾತ್ರಕ್ಕೆ ಶುದ್ಧವಲ್ಲ, ಮೇಲೆ ಜಾನುವಾರು, ಕಾಡುಪ್ರಾಣಿ ಇದ್ದೇ ಇರುತ್ತವೆ. ಒಂದು ನಿಮಿಷ ಕುದಿಸಿ, 2000 ಮೀಟರಿಗಿಂತ ಎತ್ತರದಲ್ಲಾದರೆ ಮೂರು ನಿಮಿಷ. ಕ್ಲೋರಿನ್ ಮಾತ್ರೆ ಬಳಸಿದರೆ ಹೇಳಿದಷ್ಟು ಹೊತ್ತು ಬಿಡಲೇಬೇಕು, ನೀರು ತಣ್ಣಗಿದ್ದಷ್ಟೂ ಹೆಚ್ಚು ಹೊತ್ತು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ ಕ್ಲೋರಿನ್ ನಾಟುವುದಿಲ್ಲ, ಅದಕ್ಕೆ ಫಿಲ್ಟರ್ ಬೇಕು. ಸಾಮಾನ್ಯ ಫಿಲ್ಟರ್ ವೈರಾಣುಗಳನ್ನು ತಡೆಯುವುದಿಲ್ಲ, ಅದಕ್ಕೆ ಕ್ಲೋರಿನ್ ಬೇಕು. ಎಲ್ಲಕ್ಕಿಂತ ಸುಲಭ ಹೊತ್ತೊಯ್ಯುವುದು. ಆ ನೀರು ನಿಮ್ಮಿಂದಲೂ ಕೆಡಬಾರದು ಎಂದಿದ್ದರೆ ಬಹಿರ್ದೆಸೆಗೆ ನೀರಿನಿಂದ 60 ಮೀಟರ್ ದೂರ ಹೋಗಿ 15 ರಿಂದ 20 ಸೆಂಟಿಮೀಟರ್ ಗುಂಡಿ ತೋಡಿ ಮುಚ್ಚಿ. ಸೋಪು ಬೇಡವೇ ಬೇಡ.

ಪ್ರ: ಮಡುವಿನಲ್ಲಿ ಕಂದು ನೀರು, ಅಂಚಿನಲ್ಲಿ ನೊರೆಯ ಗಡ್ಡೆ. ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದಾರೆಯೇ?

ಉ: ಇರಲಾರದು. ಕೊಳೆತ ಎಲೆಗಳಿಂದ ಬಿಟ್ಟ ಟ್ಯಾನಿನ್ ಎಂಬ ಒಗರು ಪದಾರ್ಥ ನೀರಿಗೆ ಚಹಾದ ಬಣ್ಣ ಕೊಡುತ್ತದೆ, ಅವುಗಳ ಜೊತೆಗೆ ಕರಗಿ ಬಂದ ಸಾವಯವ ವಸ್ತುಗಳು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸಿ ನೊರೆ ನಿಲ್ಲಿಸುತ್ತವೆ. ಮೂಸಿ ನೋಡಿ: ಮಣ್ಣಿನ ವಾಸನೆ ಇದ್ದು ತುಸು ಕಂದಾಗಿದ್ದರೆ ಕಾಡಿನದು, ಅಪ್ಪಟ ಬಿಳಿ ಮತ್ತು ಸುವಾಸನೆ ಇದ್ದರೆ ಸೋಪಿನದು. ಆದರೆ ತಿಳಿಯಾಗಿದ್ದ ನೀರು ನೀವು ಕೂತಿದ್ದಂತೆಯೇ ಕದಡಿ ಕೆಂಪಾದರೆ ನೊರೆ ನೋಡುತ್ತ ನಿಲ್ಲಬೇಡಿ, ಸಾಮಾನು ಬಿಟ್ಟಾದರೂ ಎತ್ತರಕ್ಕೆ ಹತ್ತಿ. ಅದು ನೆರೆ ಬರುವ ಸೂಚನೆ.

ಪ್ರ: ಕೆಲವೊಮ್ಮೆ ಜಲಪಾತದಲ್ಲಿ ಕಾಮನಬಿಲ್ಲು ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಯಾವ ಹೊತ್ತಿಗೆ ಹೋಗಬೇಕು? ಫೋಟೋಗೂ ಅದೇ ಹೊತ್ತು ಒಳ್ಳೆಯದೇ?

ಉ: ಬಿಲ್ಲಿಗೆ ಬೇಕಾದದ್ದು ನಿಮ್ಮ ಬೆನ್ನಿಗೆ ಸೂರ್ಯ, ಎದುರಿಗೆ ಸಿಂಪರಣೆ. ಪೂರ್ವಕ್ಕೆ ಮುಖ ಮಾಡಿದ ಜಲಪಾತಕ್ಕೆ ಬೆಳಿಗ್ಗೆ, ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ಮಧ್ಯಾಹ್ನದ ಮೇಲೆ ಹೋಗಿ. ಬಿಲ್ಲಿನ ಕೇಂದ್ರ ನಿಮ್ಮ ತಲೆಯ ನೆರಳು. ಅಲ್ಲಿಂದ 42 ಡಿಗ್ರಿ ದೂರದಲ್ಲಿ ಕೆಂಪು ಅಂಚು. ಕೈಯನ್ನು ಪೂರ್ತಿ ಚಾಚಿ ಹಿಡಿದ ಒಂದು ಗೇಣು ಸುಮಾರು 20 ಡಿಗ್ರಿ. ನೆರಳಿನ ತಲೆಯಿಂದ ಎರಡು ಗೇಣು ಯಾವ ಕಡೆಗೆ ಅಳೆದರೂ ಅಲ್ಲಿ ಸಿಂಪರಣೆ ಇರಬೇಕು, ಅದರ ಮೇಲೆ ಬಿಸಿಲು ಬೀಳುತ್ತಿರಬೇಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಾದ ಹೊತ್ತಿನಲ್ಲಿ ಸೂರ್ಯ 42 ಡಿಗ್ರಿ ಮೀರಿ ಏರಿರುತ್ತಾನೆ, ಆಗ ಬಿಲ್ಲು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬೀಳುತ್ತದೆ. ಬುಡದಲ್ಲಿ ನಿಂತವರಿಗೆ ಕಾಣದಿದ್ದರೂ ಮೇಲಿನ ದಿಬ್ಬದಿಂದ ಕೆಳಗೆ ನೋಡುವವರಿಗೆ ಕಾಣುತ್ತದೆ. ಹುಣ್ಣಿಮೆಯ ಬೆಳಕಿಗೂ ಬಿಲ್ಲು ಮೂಡುತ್ತದೆ, ಆಫ್ರಿಕಾದ ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತ ಅದಕ್ಕೆ ಹೆಸರಾದದ್ದು.

ಬಿಲ್ಲು ಬೇಕಿಲ್ಲ, ನೀರು ರೇಷ್ಮೆಯಂತೆ ಬರಬೇಕು ಎಂದಿದ್ದರೆ ಬಿಸಿಲು ಶತ್ರು. ಮೋಡ ಕವಿದ ದಿನವೇ ಸರಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಐಎಸ್‌ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಬಾಯಿಯ ಅಳತೆ) 8 ರಿಂದ 11, ಶಟರ್ (ಬೆಳಕು ಬಿಡುವ ಹೊತ್ತು) ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್. ಅದಕ್ಕಿಂತ ಹೆಚ್ಚಾದರೆ ದೊಡ್ಡ ಜಲಪಾತದ ನೀರು ವಿವರವೇ ಇಲ್ಲದ ಬಿಳಿ ಪಟ್ಟೆಯಾಗುತ್ತದೆ. ಬೆಳಕು ಹೆಚ್ಚಿದ್ದು ಕ್ಯಾಮೆರಾದ ಬೆಳಕಿನ ಮೀಟರ್ 1/60 ಸೆಕೆಂಡ್ ತೋರಿಸಿದರೆ ಬೆಳಕನ್ನು ಆರು ಸಲ ಅರ್ಧಕ್ಕಿಳಿಸುವ, ಅಂದರೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಅದನ್ನು 64 ಪಟ್ಟು ಮಾಡಿ ಒಂದು ಸೆಕೆಂಡಿಗೆ ತರುತ್ತದೆ. ಹನಿಗಳನ್ನು ಬಿಡಿಬಿಡಿಯಾಗಿ ಹಿಡಿಯಲು 1/1000. ಒದ್ದೆ ಎಲೆ, ಬಂಡೆಯ ಹೊಳಪು ಕಳೆಯಲು ಪೋಲರೈಸರ್ ಫಿಲ್ಟರ್ ತಿರುಗಿಸಿ, ಹಸಿರು ಎದ್ದು ಬರುತ್ತದೆ. ಆದರೆ ಅದೇ ಫಿಲ್ಟರನ್ನು ತಪ್ಪು ಕೋನಕ್ಕೆ ತಿರುಗಿಸಿದರೆ ಕಾಮನಬಿಲ್ಲೂ ಅಳಿಸಿಹೋಗುತ್ತದೆ, ಬಿಲ್ಲಿನ ಬೆಳಕು ಬಹುಮಟ್ಟಿಗೆ ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಸಿಂಪರಣೆ ನಿಮ್ಮತ್ತ ಬೀಸುತ್ತಿದ್ದರೆ ಲೆನ್ಸನ್ನು ಬಟ್ಟೆಯಿಂದ ಮುಚ್ಚಿಟ್ಟು, ಎಲ್ಲ ಹೊಂದಿಸಿ ಆದ ಮೇಲೆ ಒರೆಸಿ, ತಕ್ಷಣ ಒತ್ತಿ. ಟ್ರೈಪಾಡಿನ ಕಾಲನ್ನು ಹರಿಯುವ ನೀರಿನಲ್ಲಿ ಊರಿದರೆ ಒಂದು ಸೆಕೆಂಡಿನ ಚಿತ್ರ ಎಂದೂ ಚೂಪಾಗಿ ಬರುವುದಿಲ್ಲ.